ಗಯೆಯಲ್ಲಿ ಬಿಟ್ಟ ಸೊಪ್ಪು

ಆ ಭಾನುವಾರ ಯಜ್ಞೇಶ್ವರರ ಮನೆಯ ನೆಮ್ಮದಿ ಕೆಡಿಸಿದ್ದು ನಾಲ್ಕು ಕಟ್ಟು ಸೊಪ್ಪು. ಅದನ್ನು ತಂದವಳು ಮಗಳು ತನ್ವಿ. ನೆರೂಳ ಸ್ಟೇಷನ್ನಿನ ಹೊರಗೆ ಬೆಳಿಗ್ಗೆಯೇ ಗೋಣಿ ಹಾಸಿ ಕೂರುವ ಭಾಜಿವಾಲಿಯ ಹತ್ತಿರ ಪಾಲಕ್, ಮೆಂತೆ, ಹರಿವೆ, ಸಬ್ಬಸಿಗೆ ಎಂದು ಆರಿಸಿ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಸುರಿದು, ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಆಹಾರಶಾಸ್ತ್ರದ ಕೊನೆಯ ವರ್ಷ ಓದುತ್ತಿದ್ದ ಹುಡುಗಿ. ಕಲಿತದ್ದನ್ನು ಪ್ರಯೋಗಿಸಲು ಅವಳಿಗೆ ಸಿಕ್ಕಿದ್ದು ಅಪ್ಪ ಅಮ್ಮ ಇಬ್ಬರೇ.

"ಇವತ್ತಿಂದ ತೊಂಬತ್ತು ದಿನ ಈ ಮನೇಲಿ ಪೂರಾ ಪ್ಲಾಂಟ್ ಬೇಸ್ಡ್," ಎಂದಳು.

ಯಜ್ಞೇಶ್ವರರು ಸೋಫಾದಿಂದ ಏಳದೆ ನಕ್ಕರು. "ನಾವು ಹುಟ್ಟಿದಂದಿನಿಂದ ಅದೇ ಅಲ್ವಾ ಮಾರಾಯ್ತಿ? ಈ ಮನೆಯೊಳಗೆ ಮೊಟ್ಟೆ ಸಹ ಬಂದದ್ದಿಲ್ಲ."

"ಹೌದಾ? ಗೋಳಿಬಜೆ ಯಾವ ಗಿಡದಲ್ಲಿ ಆಗ್ತದೆ ಅಪ್ಪಾ?"

ಬೇಲಾಪುರದ ಹಡಗು ಕಂಪೆನಿಯೊಂದರ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತು ಬೆಳೆಸಿದ ಹೊಟ್ಟೆ, ಬೆಲ್ಟಿನ ಕೊನೆಯ ತೂತನ್ನೂ ದಾಟಿ ಹೋಗಿತ್ತು. ಯಜ್ಞೇಶ್ವರರು ಅಂಗಿಯನ್ನು ಕೆಳಗೆಳೆದು ಅದನ್ನು ಮುಚ್ಚಿಕೊಂಡರು. ತನ್ವಿ ಬೆರಳು ಮಡಚುತ್ತ ಹೋದಳು. "ತುಪ್ಪ ಬಂದ್. ಹಾಲು, ಮೊಸರು ಬಂದ್. ಕರಿದದ್ದು ಬಂದ್. ಸೊಪ್ಪು, ಕಾಳು, ತರಕಾರಿ, ಹಣ್ಣು. ಬಸ್."

"ಕಾಫಿ?" ಎಂದು ಕೇಳುವಾಗ ಯಜ್ಞೇಶ್ವರರ ದನಿ ಸಣ್ಣಗಾಗಿತ್ತು.

"ಹಾಲು ಹಾಕ್ದೆ ಕುಡೀರಿ. ಅಷ್ಟು ಚಲೇಗಾ."

ಅವರಿಗೆ ಹೋದ ಜೀವ ಬಂತು. ದಿನಕ್ಕೆ ಆರು ಲೋಟ ಫಿಲ್ಟರ್ ಕಾಫಿ ಕುಡಿಯುವ ಮನುಷ್ಯ. ಮೊಸರು ಹೋಗಲಿ, ತುಪ್ಪ ಹೋಗಲಿ, ಕಾಫಿಯೊಂದು ಉಳಿದರೆ ತೊಂಬತ್ತು ದಿನ ಹೇಗೋ ಕಳೆಯುತ್ತದೆ ಎಂದುಕೊಂಡರು.

ತನ್ವಿ ದನಿ ತಗ್ಗಿಸಿದಳು. "ನಿಮ್ದು ಹೊಟ್ಟೆ ಕರಗಿಸೋ ಮಾತು ಅಪ್ಪಾ. ಅಮ್ಮಂದು ಹಾಗಲ್ಲ."

ಅದು ನಿಜ. ಯಜ್ಞೇಶ್ವರರ ಹೆಂಡತಿಗೆ ತವರಿನವರು ಇಟ್ಟ ಹೆಸರೇ ಶ್ರೀಮತಿ. ಮೂರು ವಾರದ ಹಿಂದೆ ಬಂದ ರಿಪೋರ್ಟಿನಲ್ಲಿ ಶ್ರೀಮತಿಯವರ ಹಿಮೋಗ್ಲೋಬಿನ್ ಎಂಟೂವರೆ ಇತ್ತು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮೂರು ಮಾಳಿಗೆ ಹತ್ತಲು ಎರಡು ಕಡೆ ನಿಂತು ಉಸಿರೆಳೆಯುತ್ತಿದ್ದರು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಜೊತೆಗೆ ಸೊಪ್ಪು, ಕಾಳು ಚೆನ್ನಾಗಿ ತಿನ್ನಬೇಕು, ಮುಂದಿನ ತಿಂಗಳೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದಿದ್ದರು.

ಅಷ್ಟರಲ್ಲಿ ದೇವರಿಗೆ ದೀಪ ಹಚ್ಚಿ ಬಂದ ಶ್ರೀಮತಿಯವರು, ಮಾತ್ರೆಯನ್ನು ಬಾಯಿಗೆ ಹಾಕಿ ಕಾಫಿಯ ಗುಟುಕಿನಲ್ಲಿ ನುಂಗಿ, ಕಟ್ಟೆಯ ಕಡೆ ನೋಡಿದರು. ನೋಡಿದವರೇ ಹಾವು ಕಂಡಂತೆ ಹಿಂದೆ ಸರಿದರು.

"ಅಯ್ಯೋ! ಇದನ್ನು ಯಾಕೆ ಒಳಗೆ ತಂದದ್ದು? ನಿನ್ನ ಅಪ್ಪ ಗಯೆಯಲ್ಲಿ ಬಿಟ್ಟದ್ದಲ್ವಾ ಸೊಪ್ಪು?"

"ಅಪ್ಪ ಬಿಟ್ಟದ್ದು. ನೀನು ತಿನ್ನು."

"ಅವರು ಬಿಟ್ರೆ ನಾನೂ ಬಿಟ್ಟ ಹಾಗೇ. ಅತ್ತೆಯ ಹೆಸರಲ್ಲಿ ಬಿಟ್ಟದ್ದನ್ನು ಮುಟ್ಟಿದ್ರೆ ಏನಾಗ್ತದೆ ಅಂತ ನನಗೆ ಗೊತ್ತುಂಟು," ಎಂದು ಶ್ರೀಮತಿಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಯಜ್ಞೇಶ್ವರರು ಮುಖಕ್ಕೆ ಪೇಪರು ಅಡ್ಡ ಹಿಡಿದರು.

ಗಯೆಯ ವಿಷಯ ಹೀಗೆ. ತೀರಿಕೊಂಡ ತಂದೆ ತಾಯಿಗೆ ಅಲ್ಲಿ ಪಿಂಡ ಇಟ್ಟವರು ಆಲದ ಮರದ ಕೆಳಗೆ ನಿಂತು, ತಮಗೆ ಪ್ರಿಯವಾದ ಒಂದು ತಿನಿಸನ್ನು ಅವರ ಹೆಸರಿನಲ್ಲಿ ಬಿಟ್ಟು ಬರುವುದು ಪದ್ಧತಿ. ಬಿಟ್ಟದ್ದನ್ನು ಆಮೇಲೆ ಸಾಯುವ ತನಕ ಮುಟ್ಟುವಂತಿಲ್ಲ. ಹನ್ನೆರಡು ವರ್ಷದ ಹಿಂದೆ, ತಾಯಿ ಹೋದ ವರ್ಷ, ಯಜ್ಞೇಶ್ವರರು ದಿವಾದಲ್ಲಿರುವ ಚಿಕ್ಕಪ್ಪನ ಮಗ ಕಿಟ್ಟುವನ್ನು ಜೊತೆ ಮಾಡಿಕೊಂಡು ಗಯೆಗೆ ಹೋದರು. ಪಿಂಡವನ್ನೇನೋ ಇಟ್ಟರು. ಆದರೆ ಮರದ ಕೆಳಗೆ ಉದ್ದ ಸಾಲು, ಮೇಲೆ ಬಿಸಿಲು, ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇಲ್ಲ. ಅಣ್ಣ ತಮ್ಮ ಇಬ್ಬರೂ ಸಾಲಿನಿಂದ ಮೆಲ್ಲನೆ ಜಾರಿ, ಗಲ್ಲಿಯ ಅಂಗಡಿಯಲ್ಲಿ ಕಚೋರಿ, ಜಿಲೇಬಿ ತಿಂದು, ಅಲ್ಲಿಂದಲೇ ಸ್ಟೇಷನ್ನಿಗೆ ನಡೆದರು.

ಮನೆ ಮುಟ್ಟಿದ ಕೂಡಲೇ ಶ್ರೀಮತಿಯವರು ಕೇಳಿದ ಮೊದಲ ಪ್ರಶ್ನೆ, "ಏನು ಬಿಟ್ರಿ?" ಒಲೆಯ ಮೇಲೆ ಹರಿವೆ ಸೊಪ್ಪಿನ ಸಾಂಬಾರು ಕುದಿಯುತ್ತಿತ್ತು. ಚಿಕ್ಕಂದಿನಿಂದ ಸೊಪ್ಪು ಕಂಡರಾಗದ, ಅದನ್ನು ಹೆಂಡತಿಗೆ ಹೇಳದೆ ನುಂಗುತ್ತ ಬಂದ ಯಜ್ಞೇಶ್ವರರ ಬಾಯಿಂದ "ಸೊಪ್ಪು" ಎಂದು ಬಂದುಬಿಟ್ಟಿತು. ಯಾರು ಕೇಳಿದರೂ ಇದನ್ನೇ ಹೇಳಬೇಕೆಂದು ಕಿಟ್ಟುವಿಗೂ ಗಟ್ಟಿ ಮಾಡಿಸಿದರು. ಶ್ರೀಮತಿಯವರು ಕುದಿಯುವ ಸಾಂಬಾರನ್ನು ಇಳಿಸಿ ಕೆಲಸದವಳಿಗೆ ಕೊಟ್ಟರು. ಬಸಳೆಯೆಂದರೆ ಊಟಕ್ಕೆ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ ಹೆಂಗಸು ಅಂದಿನಿಂದ ಅದರ ಹೆಸರೆತ್ತಲಿಲ್ಲ. ಅದನ್ನು ನೆನೆದಾಗಲೆಲ್ಲ ಯಜ್ಞೇಶ್ವರರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಒಂದು ಲೋಟ ಕಾಫಿ ಕುಡಿದರೆ ಕಡಿಮೆಯಾಗುತ್ತಿತ್ತು.

ಈ ಸಲ ಎರಡು ಲೋಟ ಕುಡಿದರೂ ಕಡಿಮೆಯಾಗಲಿಲ್ಲ. ಎಂಟೂವರೆ ಎಂಬ ಸಂಖ್ಯೆ ಕಣ್ಣೆದುರೇ ನಿಂತಿತ್ತು. ನಿಜ ಹೇಳಿದರೆ ಶ್ರೀಮತಿ ಸೊಪ್ಪು ತಿಂದಾಳು, ಆದರೆ ಹೆತ್ತ ತಾಯಿಯ ಹೆಸರಿನಲ್ಲಿ ಸುಳ್ಳು ಹೇಳಿದವನೆಂದು ಮತ್ತೆ ಮುಖ ನೋಡಿಯಾಳೇ? ಮದುವೆ ಮುಂಜಿಯ ಪಂಕ್ತಿಯಲ್ಲಿ ಬಡಿಸುವವರು "ಅವರಿಗೆ ಸೊಪ್ಪು ಹಾಕಬೇಡಿ, ಗಯೆಯಲ್ಲಿ ಬಿಟ್ಟವರು" ಎಂದು ತಗ್ಗಿದ ದನಿಯಲ್ಲಿ ಹೇಳುವ ಮರ್ಯಾದೆಯೂ ಮಣ್ಣುಪಾಲಾಗುತ್ತದೆ. ನಿಜ ಹೇಳದೆಯೇ ಸೊಪ್ಪು ತಿನ್ನಿಸುವ ದಾರಿ ಹುಡುಕುತ್ತ ಅವರು ಕೋಣೆಗೆ ಹೋಗಿ ಮಲಗಿದರು. ಅರ್ಧ ಗಂಟೆಗೆ ಎದ್ದು ಬಂದರು.

"ಶ್ರೀಮತೀ, ಈಗ ಕನಸಿನಲ್ಲಿ ಅಮ್ಮ ಬಂದಿದ್ರು. ಸೊಪ್ಪು ತಿನ್ನಿ, ನನಗೆ ಏನೂ ಬೇಸರ ಇಲ್ಲ ಅಂದ್ರು."

"ಯಾವ ಸೀರೆ ಉಟ್ಟಿದ್ರು?"

ಇಂಥ ಪ್ರಶ್ನೆ ಬರಬಹುದೆಂದು ಅವರು ಎಣಿಸಿರಲಿಲ್ಲ. ಕಟ್ಟೆಯ ಮೇಲಿದ್ದ ಪಾಲಕ್ ಕಣ್ಣಿಗೆ ಬಿತ್ತು. "ಹಸಿರು."

"ಹಸಿರಾ? ಅತ್ತೆ ಜನ್ಮದಲ್ಲಿ ಹಸಿರು ಉಟ್ಟವರಲ್ಲ. ಮನೆಗೆ ಸೊಪ್ಪು ಬಂದದ್ದು ಅವರಿಗೆ ಗೊತ್ತಾಗಿದೆ. ಸಿಟ್ಟಿನಲ್ಲಿ ಬಂದದ್ದು ಅದು!" ಶ್ರೀಮತಿಯವರು ಗೋಡೆಯ ಮೇಲಿದ್ದ ಅತ್ತೆಯ ಫೋಟೋಕ್ಕೆ ಕೈಮುಗಿದು, ನಾಲ್ಕು ಕಟ್ಟನ್ನೂ ಬಾಲ್ಕನಿಗೆ ಹಾಕಿ ಬಾಗಿಲೆಳೆದರು.

ಒಳ್ಳೆಯ ಸೊಪ್ಪು ಬಾಲ್ಕನಿಯಲ್ಲಿ ಬಿದ್ದಿರುವುದನ್ನು ಕಂಡು ಪಕ್ಕದ ಮನೆಯ ಪ್ರೇಮನಾಥರು ಸುಮ್ಮನಿರುವವರಲ್ಲ. ವಾಶಿಯ ಹೋಟೆಲನ್ನು ಮಗನ ಕೈಗೆ ಕೊಟ್ಟ ಮೇಲೆ ಸೊಸೈಟಿಯವರ ಸಂಸಾರಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ಹೆಂಡತಿ ಪುಷ್ಪಾವತಿಯವರನ್ನು ಕರೆದುಕೊಂಡು ಬಂದು, ಕೂತು, ವಿಷಯವನ್ನೆಲ್ಲ ಕೇಳಿ ತಿಳಿದರು. ಪುಷ್ಪಾವತಿಯವರು ಮಾತ್ರ "ಪಾಪ, ಶ್ರೀಮತಿಯಕ್ಕನಿಗೆ ಬಸಳೆ ಅಂದ್ರೆ..." ಎಂದು ಶುರು ಮಾಡಿ, ಮುಂದೆ ಹೇಳದೆ ನೆಲ ನೋಡಿದರು.

"ಯಜ್ಞಣ್ಣ, ನೀವು ಬಿಟ್ಟದ್ದು ಎಲ್ಲ ಸೊಪ್ಪಾ, ಒಂದು ಜಾತಿಯ ಸೊಪ್ಪಾ? ಅದು ಮುಖ್ಯ," ಎಂದರು ಪ್ರೇಮನಾಥರು. "ನಮ್ಮ ಪರಿಚಯದವರೊಬ್ಬರು ಕುಂಬಳಕಾಯಿ ಬಿಟ್ಟಿದ್ದಾರೆ. ಚೀನಿಕಾಯಿ, ಅಂದ್ರೆ ಸಿಹಿಗುಂಬಳ, ಧಾರಾಳ ತಿಂತಾರೆ."

ಯಜ್ಞೇಶ್ವರರಿಗೆ ದಾರಿ ಕಂಡಿತು. "ಹೌದಲ್ಲ! ಹರಿವೆ ಒಂದೇ ಬಿಟ್ಟದ್ದು ಅಂತ ನೆನಪು ನನಗೆ."

"ನೆನಪು ಸಾಕಾಗುದಿಲ್ಲ ಮಾರಾಯ್ರೆ, ಸಾಕ್ಷಿ ಬೇಕು. ಕಿಟ್ಟು ಇದ್ದನಲ್ಲ ಜೊತೆಗೆ?" ಯಜ್ಞೇಶ್ವರರು ಬೇಡ ಎನ್ನುವಷ್ಟರಲ್ಲಿ ಪ್ರೇಮನಾಥರು ಕಿಟ್ಟುವಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ, ಟೀಪಾಯಿಯ ಮೇಲೆ ಇಟ್ಟಿದ್ದರು.

ಗಯೆ ಎಂಬ ಮಾತು ಕಿವಿಗೆ ಬಿದ್ದದ್ದೇ ಕಿಟ್ಟುವಿಗೆ ಹನ್ನೆರಡು ವರ್ಷದ ಹಿಂದೆ ಅಣ್ಣನಿಗೆ ಕೊಟ್ಟ ಮಾತು ನೆನಪಾಯಿತು. ಅಂಥ ನಂಬಿಕಸ್ಥ ಮನುಷ್ಯ ಅವನು.

"ನನ್ನ ಕಣ್ಣೆದುರೇ ಬಿಟ್ಟದ್ದು ಪ್ರೇಮಣ್ಣ! ಎಲ್ಲ ಸೊಪ್ಪು!"

"ಹರಿವೆ ಒಂದೇ ಅಲ್ವಾ ಕಿಟ್ಟು? ಸರಿಯಾಗಿ ನೆನಪು ಮಾಡು!" ಯಜ್ಞೇಶ್ವರರು ಫೋನಿನ ಮೇಲೆ ಬಾಗಿ ಕೂಗಿದರು.

"ನೀನು ಹೆದರಬೇಡ ಅಣ್ಣ, ನಾನಿದ್ದೇನೆ. ಹರಿವೆ, ಬಸಳೆ, ಪಾಲಕ್, ಹಸಿರೆಲೆ ಅಂತ ಭೂಮಿ ಮೇಲೆ ಏನೆಲ್ಲ ಉಂಟೋ ಅಷ್ಟೂ ಬಿಟ್ಟದ್ದು. ಕೊತ್ತಂಬರಿ, ಕರಿಬೇವು ಸಹ! ನೋಡಿ ಅಲ್ಲಿಯ ಭಟ್ರೇ ಕಣ್ಣೀರು ಹಾಕಿದ್ರು."

ಶ್ರೀಮತಿಯವರು ಕುರ್ಚಿಯ ಕೈ ಹಿಡಿದುಕೊಂಡರು. "ಕರಿಬೇವು ಸಹವಾ? ಹನ್ನೆರಡು ವರ್ಷ ಒಗ್ಗರಣೆಗೆ ಹಾಕಿ ಇವರಿಗೆ ತಿನ್ನಿಸಿದ್ದೇನಲ್ಲ ನಾನು!"

ಪ್ರೇಮನಾಥರಿಗೆ ಈಗ ಇನ್ನಷ್ಟು ಹುರುಪು ಬಂತು. ಘಣಸೋಲಿಯ ರಘುಪತಿ ಭಟ್ಟರು ಆ ದಿನ ನೆರೂಳದಲ್ಲೇ ಒಂದು ಗೃಹಪ್ರವೇಶಕ್ಕೆ ಬಂದಿದ್ದಾರೆಂಬುದು ಅವರಿಗೆ ಗೊತ್ತಿತ್ತು. ಅಲ್ಲಿಗೂ ಒಂದು ಫೋನು ಹಚ್ಚಿದರು. ಹನ್ನೊಂದೂವರೆಯ ಹೊತ್ತಿಗೆ ಭಟ್ಟರ ಸ್ಕೂಟರು ಕೆಳಗೆ ನಿಂತಿತು. ಮೂರು ಮಾಳಿಗೆ ಹತ್ತಿ ಬಂದು, ಚೀಲ ಪಕ್ಕಕ್ಕಿಟ್ಟು, ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

"ಗಯೆಯಲ್ಲಿ ಬಿಟ್ಟದ್ದನ್ನು ವಾಪಸು ತಗೊಳ್ಳುವ ಕ್ರಮ ಇಲ್ಲ," ಎಂದರು. "ಕರಿಬೇವು ತಿಂದದ್ದು ದೋಷವೇ. ದಂಪತಿಗಳು ಇನ್ನೊಮ್ಮೆ ಗಯೆಗೆ ಹೋಗಿ ಬರಬೇಕು."

"ಭಟ್ರೇ, ಅಮ್ಮನಿಗೆ ಕೆಳಗಿಂದ ಮನೆಗೆ ಹತ್ತೋಕೇ ಆಗಲ್ಲ, ಗಯಾ ತನಕ ಕೈಸೇ ಹೋಗ್ತಾಳೆ?" ತನ್ವಿಯ ಕಣ್ಣಲ್ಲಿ ನೀರು ತುಂಬಿತ್ತು.

"ಹೋಗುವ. ನನ್ನ ತಪ್ಪೂ ಉಂಟು ಇದರಲ್ಲಿ," ಎಂದು ಶ್ರೀಮತಿಯವರು ಎದ್ದರು. "ಮೊದಲು ಭಟ್ರಿಗೆ ಒಂದು ಕಾಫಿ ತರ್ತೇನೆ." ಅಡುಗೆಮನೆಯ ಬಾಗಿಲಿನ ತನಕ ಹೋದವರು ಚೌಕಟ್ಟನ್ನು ಹಿಡಿದರು. ಕೈ ಜಾರಿತು. ಗೋಡೆಗೆ ಒರಗಿಕೊಂಡೇ ಮೆಲ್ಲನೆ ಕೆಳಗೆ ಕುಸಿದರು.

ಪುಷ್ಪಾವತಿಯವರು ಅವರ ತಲೆಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ತನ್ವಿ ನೀರು ಚಿಮುಕಿಸಿದಳು. ಶ್ರೀಮತಿಯವರು ಕಣ್ಣು ಬಿಟ್ಟಾಗ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಯಜ್ಞೇಶ್ವರರಿಗೆ ಆ ಮುಖ ನೋಡಿ ಬದುಕಿನಲ್ಲಿ ಎಂದೂ ಆಗದಷ್ಟು ಹೆದರಿಕೆಯಾಯಿತು. ಮರ್ಯಾದೆ, ಪಂಕ್ತಿ, ಪಕ್ಕದ ಮನೆಯವರು, ಯಾವುದೂ ನೆನಪಾಗಲಿಲ್ಲ.

"ನಾನು ಏನೂ ಬಿಡಲಿಲ್ಲ," ಎಂದರು. "ಗಯೆಯಲ್ಲಿ ನಾನು ಏನೂ ಬಿಡಲಿಲ್ಲ ಶ್ರೀಮತೀ. ಸಾಲು ಬಿಟ್ಟು ಕಚೋರಿ ತಿನ್ಲಿಕ್ಕೆ ಹೋದದ್ದು. ಕಿಟ್ಟು ಹೇಳಿದ್ದೂ ಸುಳ್ಳು, ಕನಸೂ ಸುಳ್ಳು. ನೀನು ಸೊಪ್ಪು ತಿನ್ನು. ನಿನಗೆ ಕೈ ಮುಗೀತೇನೆ."

ಶ್ರೀಮತಿಯವರು ಗಂಡನನ್ನೇ ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೋ ಇತ್ತು. ಎದೆ ಒಡೆದಿರಬೇಕು ಎಂದು ಯಜ್ಞೇಶ್ವರರು ತಲೆ ತಗ್ಗಿಸಿದರು. ಕೊನೆಗೆ ಶ್ರೀಮತಿಯವರು ಹೇಳಿದ್ದು ಇಷ್ಟೇ: "ಒಂದು ಪಾತ್ರೆ ಸಾಂಬಾರು ಕೆಲಸದವಳಿಗೆ ಕೊಟ್ಟೆನಲ್ಲ ಆವತ್ತು."

ಭಟ್ಟರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ತಾಯಿಯ ಕೆಲಸ ಅರ್ಧಕ್ಕೇ ನಿಂತಿದೆ. ಇಲ್ಲೇ ಅವರ ಪಟದ ಎದುರು ಬಿಟ್ಟುಬಿಡಿ. ಏನು ಬಿಡ್ತೀರಿ?"

"ಹಾಗಲಕಾಯಿ," ಎಂದರು ಯಜ್ಞೇಶ್ವರರು ತಡಮಾಡದೆ. ಹಳೆಯ ಬುದ್ಧಿ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಭಟ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಪ್ರಿಯವಾದದ್ದು."

ಯಜ್ಞೇಶ್ವರರು ಫೋಟೋದ ಎದುರು ಹೋಗಿ ನಿಂತರು. ತಾಯಿ ಇರುವ ತನಕ ದಿನವೂ ಬೆಳಗಿನ ಮೊದಲ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು, "ಏಳು ಮಗಾ, ಆರಿ ಹೋಗ್ತದೆ," ಎನ್ನುತ್ತಿದ್ದರು. ಅದು ನೆನಪಾಯಿತು. ಈ ಒಂದು ಸಲವಾದರೂ ಅಮ್ಮನಿಗೆ ಮೋಸ ಮಾಡಬಾರದು ಅನಿಸಿತು. "ಕಾಫಿ," ಎಂದರು. ಭಟ್ಟರು ಅಂಗೈಗೆ ನೀರು ಬಿಟ್ಟು ಮಂತ್ರ ಹೇಳಿಸಿದರು. ನೀರು ತಟ್ಟೆಗೆ ಬಿತ್ತು. ಅಲ್ಲಿಗೆ ಮುಗಿಯಿತು.

"ಇನ್ನು ತಡ ಯಾಕೆ? ಬಸಳೆ ನಾನೇ ಮಾಡಿ ತರ್ತೇನೆ," ಎಂದು ಪುಷ್ಪಾವತಿಯವರು ಎದ್ದರು. ಅವರ ಕಿಟಕಿಯ ಗ್ರಿಲ್ಲಿನ ತುಂಬ ಬಸಳೆ ಬಳ್ಳಿ ಹಬ್ಬಿತ್ತು. "ನಮ್ಮದು ಮೀನಿನ ಮನೆ ಅಂತ ಹೆದರಬೇಡಿ ಯಜ್ಞಣ್ಣ. ಮೀನು ಮುಟ್ಟದ ಬಾಣಲೆ ಬೇರೆಯೇ ಇಟ್ಟಿದ್ದೇನೆ."

ಭಟ್ಟರಿಗೆ ಇನ್ನೊಂದು ಮನೆಗೆ ಹೋಗಲಿಕ್ಕಿತ್ತು, ಹೊರಟರು. ಮುಕ್ಕಾಲು ಗಂಟೆಯಲ್ಲಿ ತೆಂಗಿನಕಾಯಿ ಅರೆದು ಹಾಕಿದ ಬಸಳೆ ಸ್ಟೀಲಿನ ಡಬ್ಬಿಯಲ್ಲಿ ಬಂತು. ಶ್ರೀಮತಿಯವರ ತಟ್ಟೆಗೆ ತನ್ವಿಯೇ ಬಡಿಸಿದಳು. ಹನ್ನೆರಡು ವರ್ಷದ ಮೇಲಿನ ಮೊದಲ ತುತ್ತು ಎಂದು ಎಲ್ಲರೂ ಸುತ್ತ ನಿಂತು ನೋಡಿದರು. ಯಜ್ಞೇಶ್ವರರ ಕಣ್ಣು ಮಂಜಾಯಿತು. ಕಾಫಿ ಹೋದರೆ ಹೋಗಲಿ, ಹೆಂಡತಿ ಉಳಿದಳಲ್ಲ ಎಂದು ಹಗುರಾಗಿ ಉಸಿರಾಡಿದರು. ಶ್ರೀಮತಿಯವರು ಮೂರು ತುತ್ತು ಉಂಡು ಬೆರಳು ನೆಕ್ಕಿದರು.

"ಈ ಸಲ ಉಪ್ಪು ಒಂದು ಚೂರು ಹೆಚ್ಚಾಯ್ತು ಪುಷ್ಪಾ."

"ಹೌದಾ ಅಕ್ಕ? ಗಡಿಬಿಡಿಯಲ್ಲಿ ಎರಡು ಸರ್ತಿ ಹಾಕಿದೆನೋ ಏನೋ. ಯಾವಾಗ್ಲೂ..." ಪುಷ್ಪಾವತಿಯವರು ಅಲ್ಲಿಗೇ ನಿಲ್ಲಿಸಿದರು.

"ಈ ಸಲ ಅಂದ್ರೆ?" ಎಂದಳು ತನ್ವಿ.

ಶ್ರೀಮತಿಯವರ ಕೈ ತಟ್ಟೆಯಲ್ಲೇ ನಿಂತಿತು. ಅಡಗಿಸಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. "ಗುರುವಾರ ಇವರ ಮನೆಯಲ್ಲಿ ಮೀನಿಲ್ಲ. ಭಜನೆ ಅಂತ ಹೇಳಿ ಹೋಗ್ತಿದ್ದೆ. ತಡೀಲಿಕ್ಕಾಗ್ಲಿಲ್ಲ."

"ಹನ್ನೆರಡು ವರ್ಷವೂ?" ಯಜ್ಞೇಶ್ವರರ ದನಿ ಎಲ್ಲಿಂದಲೋ ಬಂದಂತಿತ್ತು.

"ಮೊದಲಿನ ಒಂದು ತಿಂಗಳು ಬಿಟ್ಟು." ಶ್ರೀಮತಿಯವರು ಅತ್ತೇಬಿಟ್ಟರು. "ಪ್ರತಿ ಗುರುವಾರ ಅತ್ತೆಯ ಫೋಟೋಕ್ಕೆ ತಪ್ಪಾಯ್ತು ಅಂತ ಕೈಮುಗೀತಿದ್ದೆ. ರಕ್ತ ಕಡಿಮೆಯಾದಾಗ ಕದ್ದು ತಿಂದದ್ದಕ್ಕೇ ಆದದ್ದು ಅಂತ ಹೆದರಿ ಹೋದೆ. ನೀವು ಮೊದಲೇ ಒಂದು ಮಾತು ಹೇಳಿದ್ರೆ ಆರಾಮದಲ್ಲಿ ತಿಂತಿದ್ದೆನಲ್ಲ!"

ಪ್ರೇಮನಾಥರು ಹೆಂಡತಿಯನ್ನು ಹೊಸಬರನ್ನು ನೋಡುವಂತೆ ನೋಡಿದರು. ಊರಿನ ಎಲ್ಲರ ಮನೆಯ ಸುದ್ದಿ ಗೊತ್ತಿದ್ದ ಅವರಿಗೆ ತಮ್ಮದೇ ಬಾಣಲೆಯ ಸುದ್ದಿ ಗೊತ್ತಿರಲಿಲ್ಲ.

ತನ್ವಿ ಮಾತ್ರ ಬೇರೆ ಯೋಚನೆಯಲ್ಲಿದ್ದಳು. "ಏಕ್ ಮಿನಿಟ್. ವಾರಕ್ಕೊಂದು ಸಲ ಬಸಳೆ ತಿಂದ್ರೆ ಸಾಕಾಗಲ್ಲ, ಸರಿ. ಆದ್ರೆ ಮಾತ್ರೆ ದಿನಾ ತಗೊಂಡೂ ಸುಸ್ತು ಯಾಕೆ ಕಮ್ಮಿ ಆಗ್ತಿಲ್ಲ? ಅಮ್ಮಾ, ಮಾತ್ರೆ ಯಾತರಲ್ಲಿ ನುಂಗೋದು?"

"ಕಾಫಿಯಲ್ಲಿ."

"ಊಟ ಆದ ಕೂಡ್ಲೇ ಏನು ಕುಡಿಯೋದು?"

"ಕಾಫಿ. ಅದೆಂತ ಕೇಳುದು?"

ತನ್ವಿ ಹಣೆ ಚಚ್ಚಿಕೊಂಡಳು. "ಕಾಫಿ ಜೊತೆ ಹೋದ್ರೆ ಕಬ್ಬಿಣ ಮೈಗೆ ಹತ್ತೋದೇ ಇಲ್ಲ ಅಮ್ಮಾ!" ಅಲ್ಲಿಂದೆದ್ದು ಹೋಗಿ ಫ್ರಿಜ್ಜಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕಾಫಿ ಬಂದ್ ಎಂದು ಬರೆದಳು. ಫಿಲ್ಟರು, ಪುಡಿಯ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿ, ಮನೆಯಲ್ಲಿದ್ದರೆ ಇಬ್ಬರನ್ನೂ ನಂಬುವಂತಿಲ್ಲ ಎಂದು ಪುಷ್ಪಾವತಿಯವರ ಕೈಗೆ ಕೊಟ್ಟು ಕಳಿಸಿದಳು.

ಸಂಜೆ ಐದಕ್ಕೆ ಯಜ್ಞೇಶ್ವರರು ತೊಳೆದ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೊರಟರು. ಮಧ್ಯಾಹ್ನ ಮಗಳು ಬಡಿಸಿದ ಪಾಲಕ್ ಪಲ್ಯ ಇನ್ನೂ ಹೊಟ್ಟೆಯೊಳಗೆ ಜಗಳ ಮಾಡುತ್ತಿತ್ತು. ಹನ್ನೆರಡು ವರ್ಷದ ಮರ್ಯಾದೆ ಕಳೆದುಕೊಂಡದ್ದು, ತಿನ್ನಲಾರದ ಸೊಪ್ಪನ್ನು ಇನ್ನು ತಿನ್ನಲೇಬೇಕಾದದ್ದು, ಪ್ರಾಣದಂಥ ಕಾಫಿ ಬಿಟ್ಟದ್ದು, ಇಷ್ಟೆಲ್ಲವೂ ಹೆಂಡತಿ ಸೊಪ್ಪು ತಿನ್ನಲಿ ಎಂದು. ಅವಳೋ ತಿನ್ನುತ್ತಲೇ ಇದ್ದಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ಯೋಚಿಸಿದರೂ ಅವರಿಗೆ ತಮ್ಮ ಹೆಸರೇ ಸಿಗುತ್ತಿತ್ತು.

ಪುಷ್ಪಾವತಿಯವರು ಬಾಗಿಲು ತೆರೆದ ಕೂಡಲೇ ಯಜ್ಞೇಶ್ವರರದೇ ಫಿಲ್ಟರಿನ ಡಿಕಾಕ್ಷನ್ನಿನ ಪರಿಮಳ ಮುಖಕ್ಕೆ ಬಡಿಯಿತು. ಡಬ್ಬಿ ಕೊಟ್ಟು ತಿರುಗಬೇಕೆಂದಿದ್ದ ಯಜ್ಞೇಶ್ವರರ ಒಂದು ಕಾಲು ತನ್ನಷ್ಟಕ್ಕೆ ಹೊಸ್ತಿಲ ಒಳಗೆ ಹೋಯಿತು.

ಪುಷ್ಪಾವತಿಯವರು ಆ ಕಾಲನ್ನು ನೋಡಿದರು. ಹನ್ನೆರಡು ವರ್ಷದ ಅಭ್ಯಾಸ ಅವರಿಗಿತ್ತು. ದನಿ ತಗ್ಗಿಸಿ ಹೇಳಿದರು, "ಬೇಕಾದ್ರೆ ನಿಮಗೂ ಒಂದು ಬೇರೆ ಲೋಟ ಇಡ್ತೇನೆ ಯಜ್ಞಣ್ಣ. ಆದ್ರೆ ಗುರುವಾರ ಮಾತ್ರ ಬರಬೇಡಿ."

"ಗುರುವಾರ ಏನು?"

"ಶ್ರೀಮತಿಯಕ್ಕ ಮಧ್ಯಾಹ್ನವೇ ಹೇಳಿ ಇಟ್ಟಿದ್ದಾರೆ. ಊಟ ಆಗಿ ಮೂರು ಗಂಟೆ ಬಿಟ್ಟು, ಒಂದೇ ಲೋಟ. ಕಾಫಿಗೆ."

ಯಜ್ಞೇಶ್ವರರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಮನೆಗೆ ಬಂದು ಫ್ರಿಜ್ಜಿನ ಹಾಳೆ ನೋಡಿದರು. ಐದು ಗಂಟೆಗೆ ಒಂದು ಲೋಟ ಸೊಪ್ಪಿನ ರಸ ಎಂದಿತ್ತು. ಅದನ್ನು ತಾಯಿಯ ಫೋಟೋದ ಎದುರು ನಿಂತು, ಚಿಕ್ಕಂದಿನಲ್ಲಿ ಕುಡಿಯುತ್ತಿದ್ದ ಹಾಗೆಯೇ ಮೂಗು ಹಿಡಿದುಕೊಂಡು, ಒಂದೇ ಉಸಿರಿಗೆ ಕುಡಿದರು.

"ಪುಷ್ಪ ಏನಾದ್ರೂ ಹೇಳಿದಳಾ?" ಒಳಗಿನಿಂದ ಶ್ರೀಮತಿಯವರು ಕೇಳಿದರು. ದನಿಯಲ್ಲಿ ಒಂದಿಷ್ಟು ಅಳುಕಿತ್ತು.

ಯಜ್ಞೇಶ್ವರರು ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಫೋಟೋದ ಕಡೆ ನೋಡದೆ ಹೇಳಿದರು.

"ಏನೂ ಇಲ್ಲ."